ಬೈದವರ ಮನೆಗೆ ಹೋಗುವ ಡೋರಿಂಡಾ

ಡೋರಿಂಡಾಳನ್ನು ನಮ್ಮ ಸಂಘದ ಮುಖಂಡಳಾಗಿ ಆರಿಸಿದ ದಿನ ಅವಳ ವಿರುದ್ಧ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಮುಚ್ಚಿಡುವಂಥದ್ದೇನಿಲ್ಲ. ಸ್ಪೇನಿನ ಗಲಿಸಿಯಾದ ಈ ಕೊಲ್ಲಿಯಲ್ಲಿ ಸಮುದ್ರ ಇಳಿದಾಗ ಮರಳು ಗೋರಿ ಕಪ್ಪೆಚಿಪ್ಪು ಆರಿಸುವ ಹೆಂಗಸರು ನಾವು ಅರವತ್ತೆರಡು ಮಂದಿ. ದಿನವೆಲ್ಲ ಸೊಂಟ ಬಗ್ಗಿಸುತ್ತೇವೆ, ನಾಲಿಗೆ ಮಾತ್ರ ಯಾರಿಗೂ ಬಗ್ಗಿಸಿದವರಲ್ಲ. ಅಂಥ ನಮ್ಮನ್ನು ಈ ಪುಕ್ಕಲಿ ಆಳುತ್ತಾಳೆಯೇ ಎಂದು ನನಗೆ ನಗು ಬಂದಿತ್ತು.

ಮೊದಲ ಸಭೆಯಲ್ಲೇ ಅವಳು ಒಂದು ನಿಯಮ ತಂದಳು. ದಡಕ್ಕೆ ಬಂದ ಮೇಲೆ ಪ್ರತಿಯೊಬ್ಬಳ ಬುಟ್ಟಿಯನ್ನೂ ಮೇಜಿನ ಮೇಲೆ ಸುರಿಯಬೇಕು. ಅಳತೆಯ ಉಂಗುರದೊಳಗೆ ತೂರುವ ಮರಿಚಿಪ್ಪೆಲ್ಲ ವಾಪಸ್ ನೀರಿಗೆ. ಮೊದಲ ಬುಟ್ಟಿ ಅವಳದೇ. ನಾವು ಬಾಯಿಗೆ ಬಂದಂತೆ ಬೈದೆವು. ಅವಳ ಮುಖ ಬಿಳಿಚಿಕೊಂಡಿತು, ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಬಾಗಿಲ ಬಳಿ ನಿಂತು ನಗುತ್ತಿದ್ದವಳು ನಾನೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಅವಳು ನಮ್ಮ ಅಡುಗೆಮನೆಯಲ್ಲಿ ಹಾಜರ್. ಕುರ್ಚಿ ಎಳೆದುಕೊಂಡು ಕೂತಳು. ತೊಡೆಯ ಮೇಲಿಟ್ಟ ಕೈ ನಡುಗುತ್ತಿತ್ತು.

“ನಿನ್ನೆ ಗುಂಪಲ್ಲಿ ಏನೇನೋ ಅಂದ್ಯಲ್ಲ ಎಲ್ವೀರಾ, ಅದನ್ನ ಈಗ ನನ್ನ ಮುಖ ನೋಡಿ ಅನ್ನು.”

ನಾನು ಒಲೆಯ ಕಡೆ ತಿರುಗಿಕೊಂಡೆ. ಕಾಫಿ ಕಾಯಿಸಿಕೊಟ್ಟೆ. ಕುಡಿದಳು, ಉಂಗುರದ ನಿಯಮ ಹಾಗೇ ಇರುತ್ತದೆ ಎಂದು ಹೇಳಿ ಎದ್ದುಹೋದಳು. ಆಮೇಲೆ ಇದೇ ಅವಳ ಅಭ್ಯಾಸವಾಯಿತು. ಸಭೆಯಲ್ಲಿ ಯಾರ ದನಿ ಎಲ್ಲರಿಗಿಂತ ಜೋರೋ, ಮರುದಿನ ಅವರ ಮನೆಯ ಬಾಗಿಲು ತಟ್ಟುವುದು. ಒಂದು ವರ್ಷದಲ್ಲಿ ಅವಳ ವಾಂತಿ ನಿಂತಿತು. ಕೈನಡುಕ ಮಾತ್ರ ನಿಲ್ಲಲಿಲ್ಲ.

ಎರಡನೆಯ ವರ್ಷ ನವೆಂಬರಿನಲ್ಲಿ ಹುಚ್ಚು ಮಳೆ. ನದಿಯ ಸಿಹಿನೀರು ಕೊಲ್ಲಿಗೆ ನುಗ್ಗಿ ಅರ್ನೆಲಾ ಎಂಬ ಮರಳುದಿಬ್ಬದ ಚಿಪ್ಪುಗಳಲ್ಲಿ ಅರ್ಧಕ್ಕರ್ಧ ಬಾಯಿಬಿಟ್ಟು ಸತ್ತವು. ಉಳಿದವು ಉಗುರಿನಷ್ಟಿದ್ದವು. ಈಸ್ಟರ್ ಹಬ್ಬದವರೆಗೆ ಆ ದಿಬ್ಬಕ್ಕೆ ಯಾರೂ ಕಾಲಿಡಬಾರದು, ಇಟ್ಟವಳಿಗೆ ಹದಿನೈದು ದಿನ ಕೆಲಸವಿಲ್ಲ ಎಂದಳು ಡೋರಿಂಡಾ. ಕ್ರಿಸ್ಮಸ್ ಹತ್ತಿರ ಬಂದಂತೆ ವ್ಯಾಪಾರಿಗಳು ದುಪ್ಪಟ್ಟು ಬೆಲೆ ಕೊಡುತ್ತೇವೆ ಎನ್ನತೊಡಗಿದರು. ಬೇರೆ ದಿಬ್ಬಗಳಲ್ಲಿ ಬುಟ್ಟಿಯ ತಳವೂ ತುಂಬುತ್ತಿರಲಿಲ್ಲ. ಹೆಂಡತಿಗೆ ಸ್ವಲ್ಪ ಬುದ್ಧಿ ಹೇಳು ಎಂದು ಹೋಟೆಲಿನಲ್ಲಿ ಗಂಡಸರು ಅವಳ ಗಂಡ ಅಮಾರೊನ ಬೆನ್ನು ಬಿದ್ದರು.

“ಅವಳು ನನ್ನ ಮಾತು ಕೇಳೋ ಹಂಗಿದ್ರೆ ನಾನ್ಯಾಕೆ ಇಲ್ಲಿ ಬಂದು ಕೂತಿರ್ತಿದ್ದೆ?” ಎಂದನಂತೆ ಆತ.

ಡಿಸೆಂಬರ್ ಹದಿನೈದರ ಬೆಳಿಗ್ಗೆ ನಾವು ಇಪ್ಪತ್ತು ಮಂದಿ ಬುಟ್ಟಿ, ಗೋರೆ ಹಿಡಿದು ಅರ್ನೆಲಾಗೆ ಹೊರಟೆವು. ಎಲ್ಲರಿಗಿಂತ ಮುಂದೆ ಎರ್ಮಿನಿಯಾ, ಡೋರಿಂಡಾಳ ಸ್ವಂತ ಅಕ್ಕ. ತಾಯಿ ಸತ್ತ ಮೇಲೆ ಇವಳನ್ನು ಸಾಕಿ ಬೆಳೆಸಿದವಳು. ತಂಗಿ ಅಕ್ಕನಿಗೆ ಶಿಕ್ಷೆ ಕೊಡುವುದಿಲ್ಲ ಎಂದು ಲೆಕ್ಕ ಹಾಕಿ ನಾವೇ ಅವಳನ್ನು ಮುಂದೆ ಬಿಟ್ಟಿದ್ದೆವು. ನಮ್ಮ ಜಾಣತನಕ್ಕೆ ಬೆಂಕಿ ಹಾಕಬೇಕು.

ಡೋರಿಂಡಾ ಇಳಿಜಾರಿನ ತುದಿಯಲ್ಲಿ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಪುಸ್ತಕ, ಪೆನ್ನು. ನಿಮ್ಮನ್ನು ಹಿಡಿದು ನಿಲ್ಲಿಸುವ ಶಕ್ತಿ ನನಗಿಲ್ಲ, ಆದರೆ ಇಳಿದವಳ ಹೆಸರು ಬರೆಯುತ್ತೇನೆ ಎಂದಳು.

“ನಿನ್ನ ಎತ್ತಿ ಆಡಿಸಿದ ಕೈ ಕಣೇ ಇದು,” ಎಂದಳು ಎರ್ಮಿನಿಯಾ. “ನನ್ನ ಹೆಸರು ಬರೀತೀಯಾ?”

“ಇಳೀಬೇಡ ಅಕ್ಕ. ಇಳಿದ್ರೆ ಬರೀತೀನಿ.”

ಎರ್ಮಿನಿಯಾ ಇಳಿದಳು. ನೀರಲ್ಲಿ ನಾಲ್ಕು ಹೆಜ್ಜೆ ಇಟ್ಟು ಮರಳಿಗೆ ಗೋರೆ ಹಾಕಿದಳು. ಡೋರಿಂಡಾ ಬರೆದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಪೆನ್ನಿನ ಮೊನೆಗೆ ಹಾಳೆ ಹರಿಯಿತು. ಅವಳು ಪುಟ ತಿರುಗಿಸಿ ಮತ್ತೆ ಬರೆದಳು, ತಲೆ ಎತ್ತಿ ಮುಂದೆ ಯಾರು ಎಂದು ಕೇಳಿದಳು. ಮುಂದಿನವಳು ನಾನು, ಒಂದು ಬೂಟು ಆಗಲೇ ನೀರಲ್ಲಿತ್ತು. ಅವಳು ಕಲ್ಲಿನಂತೆ ನಿಂತಿದ್ದರೆ ನಾನು ಹಟಕ್ಕಾದರೂ ದಾಟಿಹೋಗುತ್ತಿದ್ದೆ. ಇಷ್ಟು ಹೆದರಿಕೊಂಡೂ ಜಾಗ ಬಿಡದವಳನ್ನು ದಾಟಲು ನನ್ನಿಂದಾಗಲಿಲ್ಲ. ಬೂಟು ಹಿಂದಕ್ಕೆ ಎಳೆದುಕೊಂಡೆ. ನನ್ನ ಹಿಂದಿದ್ದವರೂ ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು.

ಮರುದಿನ ಅವಳು ಅಕ್ಕನ ಬಾಗಿಲು ತಟ್ಟಿದಳು, ಅದು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಬಾಗಿಲು ತೆರೆದ ಎರ್ಮಿನಿಯಾ ಇಡೀ ಬೀದಿಗೆ ಕೇಳುವಂತೆ ಬೈದಳು. ಸತ್ತ ತಾಯಿಯನ್ನೂ ಮಾತಿಗೆ ಎಳೆತಂದಳು. ಡೋರಿಂಡಾ ಕೊನೆಯವರೆಗೂ ನಿಂತು ಕೇಳಿಸಿಕೊಂಡು, ಹದಿನೈದು ದಿನ ಅಂದರೆ ಹದಿನೈದೇ ಎಂದು ಹೇಳಿ ಹಿಂತಿರುಗಿದಳು. ಆ ಕ್ರಿಸ್ಮಸ್ಸಿಗೆ ಹೂಕೋಸು ಹಾಕಿ ಬೇಯಿಸಿದ ಹಬ್ಬದೂಟದ ಒಣಮೀನನ್ನು ಅಕ್ಕ ತಂಗಿ ಬೇರೆ ಬೇರೆ ಮನೆಯಲ್ಲಿ ಉಂಡರು. ಅವರಿಬ್ಬರ ಮಾತು ಅಲ್ಲಿಗೇ ನಿಂತಿತು.

ಈಸ್ಟರ್ ಕಳೆದು ಅರ್ನೆಲಾ ತೆರೆದಾಗ ಉಂಗುರದಲ್ಲಿ ತೂರುವಷ್ಟು ಸಣ್ಣ ಚಿಪ್ಪು ಹುಡುಕಿದರೂ ಸಿಗಲಿಲ್ಲ. ನೋಡಿದಿರಾ ಎಂದು ಅವಳು ಒಂದು ಮಾತಿಗೂ ಅನ್ನಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಮತ್ತೆ ಚುನಾವಣೆ. ಎದುರಿಗೆ ನಿಂತ ನೇಲಿಡಾ, ಬೆಲೆ ಏರಿದಾಗಲೆಲ್ಲ ದಿಬ್ಬ ತೆರೆಯುತ್ತೇನೆಂದು ಆಸೆ ಹುಟ್ಟಿಸಿದ್ದಳು, ಹೆಚ್ಚಿನವರು ಆ ಕಡೆ ವಾಲಿದ್ದರು. ಕೈ ಎತ್ತುವ ಮುನ್ನ ಎರ್ಮಿನಿಯಾ ಎದ್ದು ನಿಂತಳು. ಡೋರಿಂಡಾಳ ಕಥೆ ಇವತ್ತಿಗೆ ಮುಗಿಯಿತು ಎಂದುಕೊಂಡೆವು.

“ಇವಳ ಜೊತೆ ನಂಗೆ ಮಾತಿಲ್ಲ. ಸಾಯೋವರೆಗೂ ಇಲ್ಲ,” ಎಂದಳು. “ಆದ್ರೆ ನನ್ನ ಹೆಸರನ್ನೇ ಬರೆದೋಳು ಇನ್ಯಾರ ಹೆಸರು ಬರೆಯೋಕೂ ಹಿಂದೆಮುಂದೆ ನೋಡಲ್ಲ. ದಿಬ್ಬ ಇವಳ ಕೈಲೇ ಇರಬೇಕು.”

ಹಾಗೆಂದು ಕೈ ಎತ್ತಿದಳು. ಎಷ್ಟೋ ಹೊತ್ತು ಅದೊಂದೇ ಕೈ ಮೇಲಿತ್ತು. ಆಮೇಲೆ ಒಂದೊಂದಾಗಿ ಎದ್ದ ಕೈಗಳು ನಲವತ್ತನಾಲ್ಕು.

ಡೋರಿಂಡಾ ಎದ್ದು ನಿಂತಳು. ಅಕ್ಕನ ಕಡೆ ನೋಡಲಿಲ್ಲ, ಥ್ಯಾಂಕ್ಸ್ ಅನ್ನಲಿಲ್ಲ.

“ನಾಳೆ ಏಳೂವರೆಗೆ ನೀರಿಳಿಯುತ್ತೆ,” ಎಂದಳು. “ಯಾರೂ ತಡ ಮಾಡಬೇಡಿ.”