ಹೊಲಿಸ್ಕೊಳ್ಳಾಕೋ, ಕೊಡಾಕೋ

ನಮ್ಮಪ್ಪ ಸಿಕಂದರಾಬಾದಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಈ ಒಂದು ವಾಕ್ಯ ಬರೆಯಲು ಈಗ ನನಗೆ ಏನೂ ಅನ್ನಿಸುವುದಿಲ್ಲ. ಆಗ ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ. ಹೈದರಾಬಾದಿನ ಕಾಲೇಜಿನಲ್ಲಿ ಎಂ.ಬಿ.ಎ.ಗೆ ಸೇರುವಾಗ ತಂದೆಯ ಉದ್ಯೋಗ ಎಂಬ ಕಡೆ ‘ಟೆಕ್ಸ್‌ಟೈಲ್ ಬಿಸಿನೆಸ್’ ಎಂದು ಬರೆದು ಬಂದವಳು ನಾನು. ಗೆಳತಿಯರು ನಮ್ಮದೇ ಅಂಗಡಿ ಇರಬೇಕು ಅಂದುಕೊಂಡರು. ಅಂದುಕೊಳ್ಳಲಿ ಬಿಡು ಎಂದು ಸುಮ್ಮನಿದ್ದೆ. ಮಜಾ ನೋಡಿ, ನಾನು ಆರಿಸಿಕೊಂಡ ವಿಷಯ ಮಾರ್ಕೆಟಿಂಗ್ ಮತ್ತು ಸೇಲ್ಸ್. ಅಪ್ಪ ಬೆಳಗಿನಿಂದ ಸಂಜೆಯವರೆಗೆ ಮಾಡುತ್ತಿದ್ದುದನ್ನೇ ನಾನು ಇಂಗ್ಲಿಷಿನಲ್ಲಿ ಓದುತ್ತಿದ್ದೆ, ಅಷ್ಟೆ. ಆದರೆ ಅದೂ ಇದೂ ಒಂದೇ ಎಂದು ಯಾರಾದರೂ ಅಂದಿದ್ದರೆ ಅವರ ಮೇಲೆ ಹರಿಹಾಯುತ್ತಿದ್ದೆ.

ಅಪ್ಪನ ಕೆಲಸ ಮೊಳಕಾಲಿನದು. ಅಂಗಡಿಯೊಳಗೆ ಉದ್ದಕ್ಕೆ ಬಿಳಿ ಗಾದಿ ಹಾಸಿರುತ್ತಿತ್ತು. ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂಡುವುದು, ಗಿರಾಕಿ ಬೆರಳು ತೋರಿಸಿದ ಕಡೆ ಎದ್ದು ಹೋಗಿ ಕಪಾಟಿನಿಂದ ತೆಗೆಯುವುದು, ಮತ್ತೆ ಕೂಡುವುದು, ಮತ್ತೆ ಏಳುವುದು. ಇಪ್ಪತ್ತೈದು ವರ್ಷ ಹೀಗೆ ಎದ್ದು ಕೂತು ಅಪ್ಪನ ಮೊಳಕಾಲು ಸವೆದುಹೋಗಿದ್ದವು. ಇನ್ನು ಆ ಗಾದಿ ಬಿಡಬೇಕು ಎಂದು ಡಾಕ್ಟರು ಸಾಫ್ ಹೇಳಿದ್ದರು. ಅಪ್ಪ ಹೂಂ ಎಂದು ತಲೆಯಾಡಿಸಿ ಮರುದಿನ ಅದೇ ಗಾದಿಗೆ ಹೋಗಿ ಕೂತ. ನನಗೊಂದು ನೌಕರಿ ಸಿಗುವವರೆಗೆ ಬೇರೆ ದಾರಿ ಇರಲಿಲ್ಲ.

ಎರಡನೇ ವರ್ಷದಲ್ಲಿ ಆ ದಾರಿ ಕಂಡಿತು. ಹೊಸದಾಗಿ ಅಡುಗೆ ಮಸಾಲೆ ಪುಡಿ ತಯಾರಿಸುತ್ತಿದ್ದ ಒಂದು ಸಣ್ಣ ಕಂಪನಿಯ ಮ್ಯಾನೇಜರು ನಮ್ಮ ಕ್ಲಾಸಿಗೆ ಬಂದರು. ಪ್ರತಿಯೊಬ್ಬರಿಗೂ ನಲವತ್ತು ಪೊಟ್ಟಣ ಕೊಡುತ್ತೇವೆ, ಮನೆಮನೆಗೆ ಹೋಗಿ ಮಾರಬೇಕು ಎಂದರು. ಒಂದು ತಿಂಗಳ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗಿ, ಬಳಸಿದರೋ ಇಲ್ಲವೋ, ಇನ್ನೊಮ್ಮೆ ಕೊಳ್ಳುತ್ತಾರೋ ಇಲ್ಲವೋ ಎಂದು ಫಾರ್ಮ್ ತುಂಬಿಸಿಕೊಂಡು ಬರಬೇಕು. ಯಾರ ಫಲಿತಾಂಶ ಚೆನ್ನಾಗಿದೆಯೋ ಅವರಿಗೆ ಪರೀಕ್ಷೆ ಮುಗಿದ ಕೂಡಲೇ ಕೆಲಸ. ಒಂದೇ ಒಂದು ಕೆಲಸ. ನಾನು ಆವತ್ತೇ ಮನಸ್ಸಿನಲ್ಲಿ ಅಪ್ಪನನ್ನು ಗಾದಿಯಿಂದ ಇಳಿಸಿ ಆರಾಮ ಕುರ್ಚಿಯ ಮೇಲೆ ಕೂಡಿಸಿಬಿಟ್ಟೆ.

ನನ್ನ ಜೊತೆಯವರು ಗುರುತಿಲ್ಲದ ಓಣಿಗಳಿಗೆ ಮಾರಲು ಹೋದರು. ನಾನು ಜಾಣೆ ಅಲ್ಲವೇ, ನಮ್ಮವರ ಬಳಿಗೇ ಹೋದೆ. ನಮ್ಮ ಬಾಡಿಗೆ ಮನೆಯ ಹಿಂದೆ ರಕ್ಷಣಾ ಇಲಾಖೆಯ ಕಾರ್ಖಾನೆಯ ಕ್ವಾರ್ಟರ್ಸ್ ಇದ್ದವು. ಅಲ್ಲಿ ಗದಗ, ಬಾಗಲಕೋಟೆ, ಕಲಬುರ್ಗಿ ಕಡೆಯಿಂದ ಬಂದ ಮನೆಗಳು ಮೂವತ್ತಕ್ಕೂ ಮೇಲೆ. ಅವ್ವನ ಕುಂಕುಮ, ಭಜನೆ, ಹಪ್ಪಳ, ಜಗಳ ಎಲ್ಲ ಅವರ ಜೊತೆಗೇ. ಅಲ್ಲಿನ ಹೆಂಗಸರೆಲ್ಲ ನನಗೆ ಕಾಕುಗಳು, ಅಂದರೆ ಚಿಕ್ಕಮ್ಮಂದಿರು. ಹೊರಗೆ ತೆಲುಗು, ಹಿಂದಿ ಏನೇ ಮಾತಾಡಲಿ, ಆ ಗೇಟಿನೊಳಗೆ ಕಾಲಿಟ್ಟರೆ ನಮ್ಮ ಮಾತು. ಪ್ರತಿ ಪೊಟ್ಟಣದ ತಳದಲ್ಲಿ ನೀಲಿ ಪೆನ್ನಿನಿಂದ ಒಂದೊಂದು ನಂಬರು ಬರೆದೆ, ಯಾವುದು ಯಾರ ಮನೆಗೆ ಹೋಯಿತೆಂದು ಗುರುತಿರಲಿ ಎಂದು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ.

ಮೊದಲು ಗದಗಿನ ಕಾಕುನ ಮನೆ.

“ಬಾರ ತಂಗಿ, ಬಾ ಬಾ! ಎಷ್ಟ್ ಸೊರಗೀದಿ, ಓದಿ ಓದಿ ಕಣ್ಣೆಲ್ಲ ಒಳಗ ಹೋಗ್ಯಾವ ನೋಡು.”

ನಾನು ಗಂಟಲು ಸರಿಮಾಡಿಕೊಂಡು, ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದೆ. ಸಮಯದ ಉಳಿತಾಯ, ಗುಣಮಟ್ಟ, ಇಂದಿನ ಗೃಹಿಣಿಯ ಅಗತ್ಯ. ಎರಡು ವಾಕ್ಯ ಆಗಿರಲಿಲ್ಲ, ಕಾಕು ಕೈಯಡ್ಡ ಮಾಡಿದರು.

“ಅಷ್ಟ್ಯಾಕ ಮಾತಾಡ್ತಿ, ಗಂಟಲ ಒಣಗತೈತಿ. ಎರಡು ಇಟ್ಟು ಹೋಗು. ಮದ್ಲ ಚಾ ಕುಡಿ.”

ಮೂಲೆಮನೆಯ ಕಾಕುನ ಬಾಗಿಲಲ್ಲಿ ಅಷ್ಟೂ ಮಾತು ಬೇಕಾಗಲಿಲ್ಲ. ಚೀಲ ನೋಡಿದವರೇ ಒಳಗೆ ಹೋಗಿ ದುಡ್ಡು ತಂದರು. ಮೂರೇ ದಿನದಲ್ಲಿ ನಲವತ್ತೂ ಖಾಲಿ. ನನ್ನ ಕ್ಲಾಸಿನ ಗೆಳತಿಯೊಬ್ಬಳು ಬಿಸಿಲಲ್ಲಿ ಅಲೆದಲೆದು, ಜನರಿಂದ ಮುಖದ ಮೇಲೆ ಬಾಗಿಲು ಹಾಕಿಸಿಕೊಂಡು, ಹನ್ನೊಂದು ಪೊಟ್ಟಣ ಮಾರಿ ಬಂದು ಕ್ಯಾಂಟೀನಿನಲ್ಲಿ ಅಳುತ್ತ ಕೂತಿದ್ದಳು. ನಾನು ಅವಳ ಬೆನ್ನು ತಟ್ಟಿ, ಗಿರಾಕಿಯ ಮನಸ್ಸು ಗೆಲ್ಲುವುದು ಹೇಗೆ ಎಂದು ಅರ್ಧ ತಾಸು ಉಪದೇಶ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ಮಾತು ನನ್ನ ತಲೆಗೆ ಹೊಳೆಯಲೇ ಇಲ್ಲ ನೋಡಿ. ಆ ಮನೆಗಳಲ್ಲಿ ಪ್ರತಿ ಬೇಸಿಗೆ ಬ್ಯಾಡಗಿ ಮೆಣಸಿನಕಾಯಿ ಚೀಲಗಟ್ಟಲೆ ಊರಿಂದ ಬರುತ್ತಿತ್ತು. ಒಬ್ಬರ ಮನೆಯಲ್ಲಿ ಹುರಿದರೆ ಇಡೀ ಸಾಲು ಸೀನುತ್ತಿತ್ತು. ಕೊಬ್ಬರಿ, ಗಸಗಸೆ, ಬಳ್ಳೊಳ್ಳಿ ಹಾಕಿ ಕುಟ್ಟಿದ ಮಸಾಲಿ ಖಾರ ವರ್ಷಕ್ಕಾಗುವಷ್ಟು ಜಾಡಿ ತುಂಬ ಇರುತ್ತಿತ್ತು. ನನ್ನ ಖಾರ ಛಲೋ, ನಿನ್ನದಕ್ಕೆ ಬಣ್ಣ ಇಲ್ಲ ಎಂದು ವರ್ಷಗಟ್ಟಲೆ ಮಾತು ಬಿಟ್ಟವರೂ ಇದ್ದರು. ಅಂಥವರಿಗೆ ನಾನು ಪೊಟ್ಟಣದ ಮಸಾಲೆ ಮಾರಿ ಬೀಗುತ್ತಿದ್ದೆ. ಊರೆಲ್ಲ ಬಿಟ್ಟು ಅವರಿಗೇ!

ತಿಂಗಳಾಯಿತು. ಫಾರ್ಮ್ ಹಿಡಿದು ಮತ್ತೆ ಹೋದೆ.

“ಬಳಸಿದ್ರೇನ್ರಿ ಕಾಕು? ರುಚಿ ಹ್ಯಾಂಗಿತ್ತು?”

“ಭಾಳ ಛಲೋ ಐತಿ ಅಂತ ಬರ್ಕೋ,” ಎಂದರು ಗದಗಿನ ಕಾಕು.

“ಮತ್ತ ತಗೋತೀರೇನು?”

“ತಗೋತೀವಿ ಅಂತ ಬರಿಯವಾ. ಮುಂದಿನ ಮನ್ಯಾಕೀನೂ ತಗೋತಾಳಂತ ಬರಿ. ಎಷ್ಟು ಮಾರ್ಕು ಬೀಳ್ತಾವ ಇದಕ್ಕ?”

ನಾನು ನಗುತ್ತ ಬರೆದುಕೊಂಡೆ. ಎಲ್ಲ ಮನೆಗಳಲ್ಲೂ ಅದೇ ಉತ್ತರ: ಬಹಳ ಚೆನ್ನಾಗಿದೆ, ಮತ್ತೆ ಕೊಳ್ಳುತ್ತೇವೆ. ಅಷ್ಟು ಅಂದವಾದ ಫಾರ್ಮ್‌ಗಳನ್ನು ನಮ್ಮ ಮೇಷ್ಟ್ರು ಹುಟ್ಟಿದಾಗಿನಿಂದ ಕಂಡಿರಲಾರರು. ಅವುಗಳಿಗೆ ಒಂದು ಚೆಂದದ ಫೈಲು ತಂದೆ, ಮೇಲೆ ನನ್ನ ಹೆಸರು ಬರೆದೆ. ಕೆಲಸ ಕೈಗೆ ಸಿಕ್ಕಂತೆಯೇ ಅನ್ನಿಸಿತು.

ಅದೇ ವಾರದ ಶುಕ್ರವಾರ ಸಂಜೆ ಅವ್ವ ಗದಗಿನ ಕಾಕುನ ಮನೆಗೆ ಕುಂಕುಮಕ್ಕೆ ಹೋಗಿ ಬಂದಳು. ನಮ್ಮಲ್ಲಿ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಕುಂಕುಮ ಹಚ್ಚಿ ಉಡಿ ತುಂಬುತ್ತಾರೆ, ಒಂದು ಕುಬಸದ ಖಣ, ಅಂದರೆ ರವಿಕೆ ಬಟ್ಟೆ, ಇಡುತ್ತಾರೆ, ಜೊತೆಗೆ ಮನೆಯಲ್ಲಿ ಏನಿದೆಯೋ ಅದು. ಅವ್ವ ದೇವರ ಮುಂದೆ ಕೂತು ಸೆರಗಿನಲ್ಲಿದ್ದ ಉಡಿ ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಹಸಿರು ಖಣ. ಅದರ ಮೇಲೆ ನನ್ನ ಮಸಾಲೆ ಪೊಟ್ಟಣ.

ಎತ್ತಿ ತಳ ನೋಡಿದೆ. ನಂಬರು ಹದಿನೇಳು. ಓಡಿ ಹೋಗಿ, ಯಾವ ನಂಬರು ಯಾರ ಮನೆಗೆಂದು ಬರೆದಿಟ್ಟ ವಹಿ ತೆಗೆದೆ. ಹದಿನೇಳು ನಾನು ಮಾರಿದ್ದು ಮೂಲೆಮನೆಯ ಕಾಕುಗೆ. ಬಂದದ್ದು ಗದಗಿನ ಕಾಕುನಿಂದ. ನಡುವೆ ಇನ್ನೆಷ್ಟು ಮನೆ ನೋಡಿ ಬಂದಿತ್ತೋ, ಮೂಲೆಗಳೆಲ್ಲ ಮೆತ್ತಗಾಗಿದ್ದವು. ಬಾಯಿ ಮಾತ್ರ ಒಡೆದಿರಲಿಲ್ಲ.

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. “ನಾನೂ ಹ್ವಾದ ವಾರ ಬಾಗಲಕೋಟಿಯವರಿಗೆ ಒಂದು ಕೊಟ್ಟೆ. ಅದೂ ನಿಂದ. ಯಾರೋ ನನಗ ಕೊಟ್ಟಿದ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. “ಗೊತ್ತಿದ್ದೂ ಸುಮ್ಮನಿದ್ದಿಯೇನು? ಯಾರೂ ಬಳಸಿಲ್ಲ ಅಂತ ಒಂದು ಮಾತು ಹೇಳಾಕ ಬರಲಿಲ್ಲೇನು? ನಾ ಅಲ್ಲೆ ಫಾರ್ಮ್ ತುಂಬಾಕತ್ತೀನಿ, ನೀವೆಲ್ಲ ಸೇರಿ ನನ್ನ ಮಂಗ್ಯಾ ಮಾಡೀರಿ!”

ಅವ್ವನ ನಗು ನಿಂತಿತು. “ಮಂಗ್ಯಾ ಯಾರೂ ಮಾಡಿಲ್ಲ. ಕಣ್ಣೆದುರು ಬೆಳೆದ ಹುಡುಗಿ ಬಾಗಲಾಗ ಚೀಲ ಹಿಡಕೊಂಡು ನಿಂತಾಗ ಬ್ಯಾಡ ಅಂತ ಹ್ಯಾಂಗ ಅಂದಾರು? ನಿನ್ನ ಸಲುವಾಗಿ ತಗೊಂಡಾರ. ನಿನ್ನ ಪುಡಿ ಸಲುವಾಗಿ ಅಲ್ಲ.”

ಆಗ ಅರ್ಥವಾಯಿತು. ಆ ಕಾಕುಗಳು ನನ್ನಿಂದ ಏನನ್ನೂ ಕೊಂಡಿರಲಿಲ್ಲ. ನನ್ನನ್ನು ಬರಿಗೈಯಲ್ಲಿ ಕಳಿಸಲಾರದೆ ಉಡಿ ತುಂಬಿದ್ದರು. ಫಾರ್ಮ್ ತುಂಬಿದ್ದೂ ಅದೇ ಪ್ರೀತಿಯಿಂದ. ಸಿಟ್ಟು ಇಳಿದಂತೆ ದುಃಖ ಬಂತು. ಅವರ ಮೇಲೆ ಮುನಿಯಲೂ ಆಗದು, ಆ ಫೈಲನ್ನು ನೋಡಲೂ ಆಗದು.

ಅಷ್ಟರಲ್ಲಿ ಅಪ್ಪ ಬಂದ. ಗೋಡೆಗೆ ಒರಗಿ ಕಾಲು ಚಾಚಿ ಮೊಳಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡ. ಹಸಿರು ಖಣ ಕೈಗೆ ತೆಗೆದುಕೊಂಡು ಬೆರಳಿನಿಂದ ಸವರಿದ.

“ಅಂಗಡ್ಯಾಗ ಖಣ ಬೇಕು ಅಂತ ಬಂದ್ರ ನಾ ಮದ್ಲ ಒಂದು ಮಾತು ಕೇಳ್ತೀನಿ. ಹೊಲಿಸ್ಕೊಳ್ಳಾಕೋ, ಕೊಡಾಕೋ? ಹೊಲಿಸ್ಕೊಳ್ಳಾಕ ಅಂದ್ರ ಹತ್ತು ಬಣ್ಣ ತಗೀಬೇಕು, ಬೆಳಕಿಗೆ ಹಿಡಿದು ತೋರಸಬೇಕು, ಇದು ಬ್ಯಾಡ ಅದು ಬ್ಯಾಡ ಅನ್ನಿಸ್ಕೋಬೇಕು. ಕೊಡಾಕ ಅಂದ್ರ ಕಣ್ಣು ಮುಚ್ಚಿ ಒಂದು ಡಜನ್ ಕಟ್ಟಿಕೊಡೂದು. ಅದನ್ನ ಯಾರೂ ಹೊಲಿಸಾಂಗಿಲ್ಲ, ಮನಿ ಮನಿ ತಿರುಗತೈತಿ. ನೀ ಕೇಳದನ ಮಾರೀದಿ.”

ಎರಡು ವರ್ಷ ನಾನು ದಪ್ಪ ದಪ್ಪ ಪುಸ್ತಕಗಳಲ್ಲಿ ಓದಿದ್ದು ಎಣ್ಣೆ ಹಚ್ಚಿದ ಆ ಬೆರಳುಗಳ ನಡುವೆ ಇತ್ತು. ನಾನು ಫೈಲು ತಂದು ಅಪ್ಪನ ಮುಂದಿಟ್ಟೆ.

“ಇದನ್ನ ಹಿಂಗ ಕೊಟ್ರ ಕೆಲಸ ನನಗ ಸಿಗತೈತಿ ಅಪ್ಪಾ. ನೀ ಗಾದಿ ಬಿಡಬಹುದು.”

ಅಪ್ಪ ಫೈಲು ತೆರೆಯಲೂ ಇಲ್ಲ. “ಕೊಡೂದು ಬಿಡೂದು ನಿನಗ ಬಿಟ್ಟಿದ್ದು,” ಎಂದ. “ಆದ್ರ ಅದರ ನೆಪ ನನ್ನ ಮೊಳಕಾಲಿನ ಮ್ಯಾಲ ಹಾಕಬ್ಯಾಡ.”

ಸೋಮವಾರ ಆ ಮ್ಯಾನೇಜರು ಮತ್ತು ನಮ್ಮ ಮೇಷ್ಟ್ರ ಮುಂದೆ ನಿಂತೆ. ಫಾರ್ಮ್‌ಗಳನ್ನು ನೋಡಿ ಇಬ್ಬರ ಮುಖವೂ ಅರಳಿತು. ನಾನು ಚೀಲದಿಂದ ಹದಿನೇಳನೇ ನಂಬರಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟೆ. ಇದು ಬಾಯಿ ಒಡೆಯದೆ ಕಡಿಮೆ ಎಂದರೂ ಎರಡು ಮನೆ ತಿರುಗಿ ನನ್ನ ಮನೆಗೇ ಬಂದಿದೆ, ಈ ಫಾರ್ಮ್‌ಗಳಲ್ಲಿ ಇರುವುದು ನನ್ನ ಮೇಲಿನ ಪ್ರೀತಿ, ನಿಮ್ಮ ಮಸಾಲೆಯ ರುಚಿಯಲ್ಲ ಎಂದೆ. ನಾನು ಮಾರಿದ್ದು ಸೊನ್ನೆ ಎಂದೂ ಹೇಳಿದೆ. ಹೊಲಿಸಿಕೊಳ್ಳುವ ಖಣ, ಕೊಡುವ ಖಣ ಎರಡರ ವ್ಯತ್ಯಾಸವನ್ನೂ ವಿವರಿಸಿದೆ.

ಮ್ಯಾನೇಜರು ಕುರ್ಚಿಯಲ್ಲಿ ಮುಂದೆ ಬಾಗಿ, ಇದನ್ನು ನಿಮಗೆ ಯಾರು ಕಲಿಸಿದರು ಎಂದು ಕೇಳಿದರು. ಬಾಗಿಲ ಬಳಿ ನನ್ನ ಕ್ಲಾಸಿನವರೆಲ್ಲ ತಮ್ಮ ಸರದಿಗೆ ನಿಂತಿದ್ದರು.

“ನಮ್ಮಪ್ಪ,” ಎಂದೆ. “ಸಿಕಂದರಾಬಾದಿನ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್.” ಯಾರೂ ನಗಲಿಲ್ಲ. ನಾನೇ ಎರಡು ವರ್ಷ ಸುಮ್ಮಸುಮ್ಮನೆ ಹೆದರಿದ್ದೆ.

ಕೆಲಸ ಹನ್ನೊಂದು ಪೊಟ್ಟಣ ಮಾರಿದ ಗೆಳತಿಗೆ ಸಿಕ್ಕಿತು. ಅವಳ ಹನ್ನೊಂದರಲ್ಲಿ ನಾಲ್ಕು ಮನೆಯವರು ಅಂಗಡಿಗೆ ಹೋಗಿ ತಾವೇ ಮತ್ತೆ ಕೊಂಡಿದ್ದರಂತೆ. ಅದು ನ್ಯಾಯವೇ. ಅವಳ ಕೈ ಕುಲುಕಿ, ಕಾಲೇಜಿನ ಗೇಟು ದಾಟಿ, ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಸಿಕಂದರಾಬಾದಿನವರೆಗೆ ಅತ್ತೆ. ಸುಳ್ಳೇಕೆ ಹೇಳಲಿ, ಹೆಮ್ಮೆಗಿಮ್ಮೆ ಏನೂ ಇರಲಿಲ್ಲ. ಅಪ್ಪನ ಮೊಳಕಾಲೇ ಕಣ್ಣ ಮುಂದೆ ಬರುತ್ತಿದ್ದವು.

ಬಸ್ಸಿಳಿದು ನೆಟ್ಟಗೆ ಅಪ್ಪನ ಅಂಗಡಿಗೆ ಹೋದೆ. ಬುದ್ಧಿ ತಿಳಿದ ಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಪ್ಪ ಸೀರೆಗಳನ್ನು ಮಡಿಸುತ್ತ, ತಲೆ ಎತ್ತದೆಯೇ, “ರಂಡಿ ಅಮ್ಮಾ, ಕೂರ್ಚೋಂಡಿ” ಎಂದ, ಗಿರಾಕಿಗೆ ಬನ್ನಿ ಕೂಡಿ ಎಂದು ತೆಲುಗಿನಲ್ಲಿ ಕರೆಯುವಂತೆ. ಆಮೇಲೆ ನೋಡಿದ. ಹುಬ್ಬಿನಲ್ಲೇ ಏನಾಯಿತು ಎಂದ. ನಾನು ಇಲ್ಲ ಎಂದು ತಲೆಯಾಡಿಸಿದೆ. ಅಪ್ಪ ಸೀರೆಗಳನ್ನು ಪಕ್ಕಕ್ಕೆ ಸರಿಸಿ ಗಾದಿಯ ಮೇಲೆ, ತನ್ನ ಮಗ್ಗುಲಿಗೆ, ಜಾಗ ಮಾಡಿದ. “ಬಾ, ಮ್ಯಾಲ ಬಾ.” ಚಪ್ಪಲಿ ಬಿಟ್ಟು ಹೋಗಿ ಕೂತೆ.

ಅಷ್ಟರಲ್ಲಿ ಹೆಂಗಸೊಬ್ಬರು ಬಂದು ಎದುರಿಗೆ ಕೂತು, ಖಣ ತೋರಿಸಿ ಎಂದರು. ಅಪ್ಪ ನನ್ನ ಕಡೆ ನೋಡಿದ.

“ಕುಟ್ಟಿಂಚುಕೋಡಾನಿಕಾ ಅಮ್ಮಾ, ಪೆಟ್ಟಡಾನಿಕಾ?” ಎಂದು ಕೇಳಿದೆ. ಹೊಲಿಸಿಕೊಳ್ಳಲೋ, ಕೊಡಲೋ.

ತಮಗೇ, ಹೊಲಿಸಿಕೊಳ್ಳಲು ಎಂದರು. ಕೈಗೆಟುಕಿದ ನೇರಳೆ ಬಣ್ಣದ್ದನ್ನು ಬಿಚ್ಚಿ ಬೆಳಕಿಗೆ ಹಿಡಿದು ತೋರಿಸಿದೆ. ಆಕೆ ಮುಖ ಕಿವುಚಿ, ಛೀ, ಇದು ಬೇಡ, ಬೇರೆ ತೆಗೆಯಿರಿ ಎಂದರು.

ಇಡೀ ಕ್ವಾರ್ಟರ್ಸಿಗೆ ನಲವತ್ತು ಪೊಟ್ಟಣ ಮಾರಿದಾಗಲೂ ಒಬ್ಬರೂ ನನಗೆ ಬೇಡ ಎಂದಿರಲಿಲ್ಲ. ಇವರೇ ಮೊದಲನೆಯವರು. ಅಪ್ಪ ನನ್ನ ಕಿವಿಯಲ್ಲಿ, “ಈಗ ಗಿರಾಕಿ ಬಂದ್ರು ನೋಡು,” ಎಂದು ನಕ್ಕ. ಮೇಲಿನ ಕಪಾಟಿನಿಂದ ಬೇರೆ ಬಣ್ಣ ತೆಗೆಯಲು ಗಾದಿಗೆ ಕೈಯೂರಿ ಏಳತೊಡಗಿದ.

“ನೀ ಕೂಡಪ್ಪಾ,” ಎಂದು ಅವನ ಹೆಗಲ ಮೇಲೆ ಕೈಯಿಟ್ಟು ನಾನೇ ಎದ್ದೆ.