ಕೋಣೆಗೆ ಹೋಗದ ತಟ್ಟೆ

ಬೆಳಗಿನ ಜಾವ. ಅಲಬಾಮಾದ ಈ ಸರ್ಕಾರಿ ಕಾಲೇಜಿನ ಅಡುಗೆಮನೆಯಲ್ಲಿ ಒಡೆಸ್ಸಾ ಪ್ರೂಯಿಟ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಿಸ್ಕತ್ತಿಗೆ, ಅಂದರೆ ಇಲ್ಲಿಯವರು ಬೆಳಿಗ್ಗೆ ತಿನ್ನುವ ಮೆತ್ತನೆಯ ಬನ್ನಿಗೆ, ನಾದುತ್ತಿದ್ದಾರೆ. ಒಲೆಯ ಮೇಲೆ ಮೆಕ್ಕೆಜೋಳದ ನುಚ್ಚಿನ ಗಂಜಿ ಕೊತಕೊತ ಕುದಿಯುತ್ತಿದೆ. ಆರುನೂರು ಹೊಟ್ಟೆಗಳು ಏಳುವ ಮುಂಚೆ ಎಲ್ಲ ಸಿದ್ಧವಾಗಬೇಕು.

ಗಂಡ ಮರ ಕೊಯ್ಯುವ ಗಿರಣಿಯಲ್ಲಿ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಿದ್ದು ಇದೇ ಒಲೆ. ಇಲ್ಲಿ ಬೇಯಿಸುವವರೆಲ್ಲ ಕಪ್ಪು ಜನ, ಉಣ್ಣುವವರೆಲ್ಲ ಬಿಳಿಯರು. ಬೇಯಿಸುವವರು ಹಿಂಬಾಗಿಲಿಂದ ಬಂದು, ನಿಂತೇ ಉಂಡು, ಹಿಂಬಾಗಿಲಿಂದಲೇ ಹೋಗಬೇಕು. ಅವರು ನಾದಿದ ಹಿಟ್ಟು ನಡೆಯುತ್ತದೆ, ಅವರು ಪಕ್ಕದಲ್ಲಿ ಕೂತರೆ ನಡೆಯುವುದಿಲ್ಲ. ಇದ್ಯಾವ ಸೀಮೆಯ ಮಡಿಯೋ!

ಈ ವರ್ಷ, 1964ರಲ್ಲಿ, ಕೋರ್ಟಿನ ಆದೇಶದ ಮೇಲೆ ವರ್ಲೀನ್ ಟಿಬ್ಸ್ ಕಾಲೇಜು ಸೇರಿದಳು. ಇಲ್ಲಿನ ಮೊದಲ ಕಪ್ಪು ವಿದ್ಯಾರ್ಥಿನಿ ಅವಳು. ಪತ್ರಿಕೆಗಳು ಕಾಲೇಜಿನ ಅಧ್ಯಕ್ಷರ ನಗುಮುಖದ ಫೋಟೊ ಹಾಕಿ ಹಾಡಿ ಹೊಗಳಿದವು. ಅದೇ ಸಂಜೆ ಅವರು ಅಡುಗೆಮನೆಗೆ ಕಳಿಸಿದ ಅಪ್ಪಣೆ ಮಾತ್ರ ಎಲ್ಲೂ ಅಚ್ಚಾಗಲಿಲ್ಲ: ಗಲಾಟೆ ಬೇಡ, ಹುಡುಗಿಯ ಊಟ ಅವಳ ಕೋಣೆಗೇ ಹೋಗಲಿ. ಎಂಥ ನಾಚಿಕೆಗೇಡು!

ಮರುದಿನ ಅಡುಗೆಮನೆಯ ಮ್ಯಾನೇಜರ್ ಹಾಲ್ಕಂಬ್ ಗದರಿದ: "ಒಡೆಸ್ಸಾ, ಆ ತಟ್ಟೆ ಯಾಕಿನ್ನೂ ಇಲ್ಲೇ ಇದೆ?"

"ಹುಡುಗೀಗೆ ಏನ್ ಕಾಯಿಲೆ ಸಾಹೇಬ್ರೆ? ಕೋಣೆಗೆ ಊಟ ಕಳ್ಸೋದು ಹುಷಾರಿಲ್ದೋರಿಗೆ."

"ಹೇಳಿದಷ್ಟು ಮಾಡು. ಇಲ್ಲಾಂದ್ರೆ ಏಪ್ರನ್ ಬಿಚ್ಚಿಟ್ಟು ಮನೆಗೆ ನಡಿ."

ಒಡೆಸ್ಸಾ ಬಿಚ್ಚಿದರು. ಅದನ್ನು ಕಂಡು ಉಳಿದ ಅಡುಗೆಯವರೂ ಒಬ್ಬೊಬ್ಬರಾಗಿ ಬಿಚ್ಚಿದರು. ಗಂಜಿ ತಳ ಹಿಡಿಯತೊಡಗಿತು, ಹೊರಗೆ ಹುಡುಗರು ಮೇಜು ಬಡಿಯುತ್ತಿದ್ದರು. ಹಾಲ್ಕಂಬ್‌ಗೆ ಸೌಟು ಹಿಡಿಯಲೂ ಬಾರದು. "ಏನಾದ್ರೂ ಮಾಡ್ಕೊಂಡು ಸಾಯಿರಿ!" ಎಂದು ಹೊರಟೇಹೋದ. ಅಡುಗೆಯವರು ಮತ್ತೆ ಏಪ್ರನ್ ಕಟ್ಟಿಕೊಂಡರು, ತಟ್ಟೆ ಕೋಣೆಗೆ ಹೋಗಲಿಲ್ಲ.

ಅಂದಿನಿಂದ ವರ್ಲೀನ್ ಎಲ್ಲರ ಜೊತೆ ಊಟದ ಹಾಲ್‌ನಲ್ಲೇ ಕೂರುತ್ತಾಳೆ. ಎಲ್ಲರ ಜೊತೆ ಅನ್ನುವುದೂ ಸುಳ್ಳೇ. ಅವಳು ಕೂತ ಮೇಜಿನಿಂದ ಉಳಿದವರು ಈಗಲೂ ಎದ್ದು ಹೋಗುತ್ತಾರೆ, ಮೇಷ್ಟ್ರುಗಳು ಕಂಡೂ ಕಾಣದಂತೆ ಕಾಫಿ ಕುಡಿಯುತ್ತಾರೆ. ಇವರ ವಿದ್ಯೆಗಿಷ್ಟು ಬೆಂಕಿ ಹಾಕ!

ನಿಮಗೇನು ಆಸೆ ಎಂದು ಕೇಳಿದರೆ ಒಡೆಸ್ಸಾ ಕೈಯ ಹಿಟ್ಟು ಉಜ್ಜಿಕೊಳ್ಳುತ್ತಾರೆ.

"ಮಗು ಇನ್ನೂ ಹೆದ್ರಿಕೊಂಡೇ ಉಣ್ತದೆ. ಉಪ್ಪು ಜಾಸ್ತಿ ಆದ ದಿನಾನೂ ತಟ್ಟೆ ಬಳಿದು 'ಚೆನ್ನಾಗಿತ್ತಮ್ಮಾ' ಅಂತದೆ. ಬೇರೆ ಮಕ್ಳು ಹಂಗಾ? ಮುಖ ಸಿಂಡರಿಸಿ ತಟ್ಟೆ ತಳ್ತವೆ. ನಮ್ಮ ವರ್ಲೀನೂ ಒಂದಿನ ತಟ್ಟೆ ತಳ್ಳಿ 'ಥೂ, ಇದೇನ್ ಅಡುಗೆ!' ಅಂತ ಎಲ್ಲರೆದುರು ನನ್ನ ಬೈಬೇಕು. ಅವತ್ತು ನಾನು ನೆಮ್ಮದಿಯಾಗಿ ಮನೆಗೆ ಹೋಗ್ತೀನಿ."