ಏಣಿ ಅಕ್ಕ ಮತ್ತು ಏಳನೇ ಮಹಡಿಯ ಎರಡು ತಂತಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಏಳನೇ ಮಹಡಿಯ ಕಚೇರಿಯಲ್ಲಿ ದೀಪ ಹತ್ತಿಲ್ಲ. ಕಿಟಕಿಯ ಗಾಜು ಈಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿದೆ. ಹದಿನಾಲ್ಕು ಮೇಜುಗಳ ನಡುವೆ ಒಂದು ಏಣಿ, ಏಣಿಯ ಮೇಲೆ ಎರಡು ಪಾದ. ಸೊಂಟದಿಂದ ಮೇಲಿನ ದೇಹವೆಲ್ಲ ಸೀಲಿಂಗ್‌ನ ಒಳಗಿದೆ. ಅಲ್ಲಿಂದ ಟಾರ್ಚಿನ ಬೆಳಕು ಸೋರುತ್ತದೆ, ಸ್ಕ್ರೂ ತಿರುಗುವ ಸದ್ದು ಬರುತ್ತದೆ, ಜೊತೆಗೆ ಯಾವುದೋ ಹಳೇ ಹಾಡಿನ ಗುನುಗು.

ಕೆಳಗಿನ ಮೇಜುಗಳಿಗೆಲ್ಲ ಹಳೆಯ ಹಾಸಿಗೆ ಹೊದಿಕೆ ಹೊದಿಸಿದೆ. ಹೊದಿಸುವ ಮೊದಲು ಒಂದೊಂದು ಮೇಜಿನದೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದಾರೆ. ಪೆನ್ನು ಎಡಕ್ಕಿದ್ದರೆ ಎಡಕ್ಕೇ ಇರಬೇಕು, ಕನ್ನಡಕದ ಡಬ್ಬಿ ಮಗುಚಿ ಬಿದ್ದಿದ್ದರೆ ಹಾಗೇ ಮಗುಚಿ ಬಿದ್ದಿರಬೇಕು. "ನಾನು ಬಂದು ಹೋಗಿದ್ದು ಮೇಜಿಗೂ ಗೊತ್ತಾಗಬಾರದು" ಎನ್ನುತ್ತಾರೆ ಇಳಿದು ಬರುತ್ತಾ. ನಲವತ್ತಾರು ವರ್ಷ, ಸಣಕಲು ಮೈ, ಕೂದಲಿಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಹುಬ್ಬಿನ ಮೇಲೆ ಸೀಲಿಂಗ್‌ನ ಬಿಳಿ ಪುಡಿ. ಈ ಕಟ್ಟಡದಲ್ಲಿ ಎಲ್ಲರೂ ಅವರನ್ನು ಕರೆಯುವುದು ಏಣಿ ಅಕ್ಕ ಎಂದೇ.

ಒಂಬತ್ತು ಮಹಡಿಯ ಕಚೇರಿ ಕಟ್ಟಡವಿದು. ಗಾಳಿ, ತಂಪು, ದೀಪ, ನೀರೆತ್ತುವ ಪಂಪು, ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ ಇದಕ್ಕಿದೆ. ಕೆಲಸದವರ ಬಾಯಲ್ಲಿ ಅದು ಬಿಎಂಎಸ್. ಹಳೆಯದಕ್ಕೆ ಹನ್ನೊಂದು ವರ್ಷವಾಗಿದೆ, ಬಿಡಿಭಾಗ ಸಿಗುತ್ತಿಲ್ಲ. ಹೊಸದು ಹಾಕಬೇಕು. ಆದರೆ ಏಳುನೂರು ಜನ ದಿನವೂ ಬಂದು ಕೂರುವ ಕಟ್ಟಡವನ್ನು ಖಾಲಿ ಮಾಡಿಸುವ ಹಾಗಿಲ್ಲ. ಜನ ಕೆಲಸ ಮಾಡುತ್ತಿರುವಾಗಲೇ ಅವರ ತಲೆಯ ಮೇಲಿನದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು.

ಹೀಗೆ ಬಿಚ್ಚಿ ಜೋಡಿಸಬೇಕಾದದ್ದು ಮಹಡಿಗೆ ಅರವತ್ತೆರಡು ಜಾಗ. ಒಂದು ದಿನಕ್ಕೆ ಏಣಿ ಹತ್ತಿಳಿಯುವುದು ತೊಂಬತ್ತು ಸಲ. ಹಳೆಯ ಕಂಟ್ರೋಲರ್ ಬಿಚ್ಚಿ ಹೊಸದು ಕೂರಿಸಲು ನಲವತ್ತು ನಿಮಿಷ ಬೇಕು. ಆ ನಲವತ್ತು ನಿಮಿಷ ಆ ಕೋಣೆಯನ್ನು ಯಾವ ಯಂತ್ರವೂ ನೋಡಿಕೊಳ್ಳುತ್ತಿರುವುದಿಲ್ಲ. ಏಣಿ ಅಕ್ಕ ಒಂದು ಕೈಯಲ್ಲಿ ತಂತಿ ಜೋಡಿಸುತ್ತಾ ಇನ್ನೊಂದು ಕೈಯಲ್ಲಿ ಗಾಳಿಕೊಳವೆಯ ತಗಡಿನ ಬಾಗಿಲನ್ನು ಹಿಡಿದು, ಸ್ವಲ್ಪ ತೆರೆದು, ಸ್ವಲ್ಪ ಮುಚ್ಚಿ, ಕೋಣೆಯ ಹದ ಕಾಯುತ್ತಾರೆ. "ಅಷ್ಟು ಹೊತ್ತು ನಾನೇ ಮಿಷನ್ನು" ಎಂದು ನಗುತ್ತಾರೆ.

ಅಪ್ಪನದು ಮೋಟಾರು ಸುತ್ತುವ ಅಂಗಡಿ. ಶಾಲೆ ಬಿಟ್ಟು ಬಂದರೆ ತಾಮ್ರದ ತಂತಿಯ ಸುತ್ತು ಎಣಿಸುವುದೇ ಇವರ ಆಟ. ಮದುವೆಯಾದ ಮೇಲೆ ಒಂದು ದಿನ ಸೀಲಿಂಗ್ ಕೆಲಸದವರು ಅಂಗಡಿಗೆ ಬಂದು, ಕಿರಿದಾದ ಜಾಗಕ್ಕೆ ನುಗ್ಗಬಲ್ಲ ಯಾರಾದರೂ ಇದ್ದಾರಾ ಎಂದು ಕೇಳಿದರಂತೆ. "ಅಪ್ಪ ನನ್ನ ಕಡೆ ಬೆರಳು ತೋರಿಸಿ, ಇವಳು ಬೆಕ್ಕು ಅಂದ್ರು. ಅವತ್ತು ಹತ್ತಿದ್ದು, ಇನ್ನೂ ಇಳಿದಿಲ್ಲ."

ಈ ಕೆಲಸಕ್ಕೆ ಕಟ್ಟಡದ ಮೇಲ್ವಿಚಾರಕರು ಹಾಕಿರುವ ಷರತ್ತು ಒಂದೇ. ನೆಲಮಹಡಿಯ ಮೇಜಿನ ಮೇಲೆ ದೂರಿನ ಪುಸ್ತಕವೊಂದಿದೆ. ಅದರಲ್ಲಿ ಈ ಕೆಲಸದ ಬಗ್ಗೆ ಹತ್ತು ದೂರು ತುಂಬಿದ ದಿನ ಹಗಲಿನ ಪರವಾನಗಿ ರದ್ದು. ಉಳಿದದ್ದೆಲ್ಲ ರಾತ್ರಿ ಪಾಳಿಗೆ. ಏಳನೇ ಮಹಡಿಗೆ ಬರುವ ಹೊತ್ತಿಗೆ ಒಂಬತ್ತು ದೂರುಗಳಾಗಿವೆ. ಟೀ ಲೋಟಕ್ಕೆ ಧೂಳು ಬಿತ್ತು ಎಂದು ಒಬ್ಬರು. ಏಣಿ ಬೆನ್ನ ಹಿಂದೆ ನಿಂತರೆ ಕೂಡಿದ ಲೆಕ್ಕ ತಪ್ಪುತ್ತದೆ ಎಂದು ಇನ್ನೊಬ್ಬರು. ಸೀಲಿಂಗ್‌ನಿಂದ ಹಾಡು ಕೇಳಿಸುತ್ತದೆ ಎಂದು ಮತ್ತೊಬ್ಬರು.

"ಧೂಳು ನಂದಲ್ಲ, ಕಟ್ಟಡದ್ದು" ಎನ್ನುತ್ತಾರೆ ಏಣಿ ಅಕ್ಕ. "ಹಾಡು ಮಾತ್ರ ನಂದೇ. ಅದಕ್ಕೆ ಬೇಕಾದ್ರೆ ಎರಡು ದೂರು ಬರ್ಕೊಳ್ಲಿ."

ನಗುತ್ತಾರೆ, ಆದರೆ ಹತ್ತನೆಯದು ಬೀಳಬಾರದು. ಗಂಡ ರಾತ್ರಿ ಬಸ್ ಓಡಿಸುತ್ತಾರೆ. ಮನೆಯಲ್ಲಿ ಕಣ್ಣು ಕಾಣದ ಅತ್ತೆ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಮಂಚದಿಂದ ಬಚ್ಚಲವರೆಗೆ ಗೋಡೆಗುಂಟ ಹಗ್ಗ ಕಟ್ಟಿದ್ದಾರೆ. ಬಾಗಿಲು ಬಂದಲ್ಲಿ ಒಂದು ಗಂಟು, ಬಚ್ಚಲು ಬಂದಲ್ಲಿ ಎರಡು. ಹಗಲು ಅತ್ತೆಗೆ ಯಾರೂ ಬೇಡ. "ಹಗಲೆಲ್ಲ ಸದ್ದು ಇರುತ್ತಲ್ಲ, ಸದ್ದಿನ ಮೇಲೆ ನಾನು ಎಲ್ಲಿದೀನಿ ಅಂತ ತಿಳಿಯುತ್ತೆ" ಎನ್ನುತ್ತಾರೆ ಆ ಹಿರಿಯರು. "ರಾತ್ರಿ ಎಲ್ಲಾ ನಿಂತುಹೋಗುತ್ತೆ. ಆಗ ಇವಳು ಪಕ್ಕದಲ್ಲಿ ಇರ್ಬೇಕು." ಎರಡು ವರ್ಷದ ಹಿಂದೆ ಏಣಿ ಅಕ್ಕ ಬೇರೊಂದು ಕಟ್ಟಡದಲ್ಲಿ ಒಂದೇ ವಾರ ರಾತ್ರಿ ಪಾಳಿ ಮಾಡಿದ್ದರು. ನಾಲ್ಕನೇ ದಿನ ಅತ್ತೆ ಸೊಸೆಯನ್ನು ಹುಡುಕುತ್ತಾ ಎದ್ದು, ಬಿದ್ದು, ಮುಂಗೈ ಮುರಿದುಕೊಂಡರು. "ರಾತ್ರಿ ಪಾಳಿ ಅಂದ್ರೆ ಈ ಕೆಲಸ ಬಿಟ್ಟ ಹಾಗೇ" ಎನ್ನುತ್ತಾರೆ ಏಣಿ ಅಕ್ಕ.

ಆರೂಕಾಲಿಗೆ, ಹಳೆಯದನ್ನು ಬಿಚ್ಚುವ ಮುನ್ನ, ಪರೀಕ್ಷೆ ಶುರು. ಪ್ರತಿ ಕೋಣೆಯ ಗೋಡೆಯಲ್ಲೂ ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿಯೊಂದಿದೆ. ಕೋಣೆ ಎಷ್ಟು ಬಿಸಿ ಎಂದು ಹೇಳುವ ಸೆನ್ಸರ್ ಅದು. ಸೆನ್ಸರ್ ಬಿಸಿ ಎಂದರೆ ಸೀಲಿಂಗ್ ಮೇಲಿನ ತಗಡಿನ ಬಾಗಿಲು ತೆರೆದು ತಂಪು ಗಾಳಿ ಬಿಡಬೇಕು, ತಣ್ಣಗಿದೆ ಎಂದರೆ ಮುಚ್ಚಬೇಕು. ಎರಡರ ನಡುವೆ ಮಾತು ದಾಟಿಸುವುದು ಕಂಟ್ರೋಲರ್. ಏಣಿ ಅಕ್ಕ ಅಂಗೈಯನ್ನು ಡಬ್ಬಿಯ ಮೇಲೆ ಇಡುತ್ತಾರೆ. ಕೈಯ ಬಿಸಿಗೆ ಅಂಕಿ ಏರಬೇಕು. ನೆಲಮಾಳಿಗೆಯಲ್ಲಿ ಪರದೆಯ ಮುಂದೆ ಕೂತ ಸಹೋದ್ಯೋಗಿ ಅದನ್ನು ನೋಡಿ ವಾಕಿಟಾಕಿಯಲ್ಲಿ ಹೇಳುತ್ತಾರೆ. ವಯಸ್ಸಿನಲ್ಲಿ ಹಿರಿಯರು, ಇವರಿಗೆ ಅಣ್ಣ.

"ಕೈ ಇಡಮ್ಮ."

"ಇಟ್ಟಿದೀನಿ ಅಣ್ಣ."

"ಎಲ್ಲಿಟ್ಟಿದೀಯ, ನಿನ್ನ ತಲೆ ಮೇಲಾ? ಇಲ್ಲೇನೂ ಏರ್ತಿಲ್ಲ."

"ಡಬ್ಬಿ ಮೇಲೇ ಇಟ್ಟಿದೀನಿ. ಕನ್ನಡಕ ಹಾಕ್ಕೊಂಡಿದೀರಾ?"

"ತಡಿ ತಡಿ. ಪಕ್ಕದ ಕೋಣೆದು ಏರ್ತಾ ಇದೆ. ಅಲ್ಲಿ ಯಾರಿದಾರೆ?"

"ಯಾರಿಲ್ಲ. ಬೀಗ ಹಾಕಿದೆ."

ಏಣಿ ಅಕ್ಕ ಕೈ ತೆಗೆಯುತ್ತಾರೆ, ಒರೆಸಿಕೊಳ್ಳುತ್ತಾರೆ, ಮತ್ತೆ ಇಡುತ್ತಾರೆ. ಪಕ್ಕದ ಕೋಣೆಯದೇ ಏರುತ್ತದೆ. ಏಣಿ ಹತ್ತಿ, ಹಳೆಯ ಕಂಟ್ರೋಲರ್‌ನ ತಂತಿಗಳಿಗೆ ಕಟ್ಟಿದ ಚೀಟಿಗಳ ಮೇಲೆ ಟಾರ್ಚು ಬಿಡುತ್ತಾರೆ. ತುಂಬಾ ಹೊತ್ತು ಇಳಿಯುವುದಿಲ್ಲ. ಗುನುಗು ನಿಂತಿದೆ.

"ಏನಾಯ್ತು? ಇದೀಯಾ?" ಎಂದು ವಾಕಿಟಾಕಿ ಕೇಳುತ್ತದೆ.

"ಎರಡು ತಂತಿ ಅದಲು ಬದಲಾಗಿದೆ ಅಣ್ಣ. ಚೀಟಿ ಮೇಲೆ ಇರೋದು ನನ್ನ ಅಕ್ಷರ."

ಹನ್ನೊಂದು ವರ್ಷದ ಹಿಂದೆ ಈ ಕಟ್ಟಡಕ್ಕೆ ಮೊದಲ ವ್ಯವಸ್ಥೆ ಹಾಕಿದ ತಂಡದಲ್ಲಿ ಇವರೂ ಇದ್ದರು. ಆಮೇಲೆ ಬೇರೆ ಕಟ್ಟಡಗಳಿಗೆ ಹೋದವರು ಇಲ್ಲಿಗೆ ಮರಳಿದ್ದು ಈಗಲೇ. ಆಗ ಕಟ್ಟಡ ಖಾಲಿ. ಎರಡೂ ಕೋಣೆಯಲ್ಲಿ ಒಂದೇ ಬಿಸಿ, ಪರದೆಯ ಮೇಲೆ ಒಂದೇ ಅಂಕಿ. ಕೈಯಿಟ್ಟು ನೋಡುವ ಅಭ್ಯಾಸ ಆಗ ಇವರಿಗಿರಲಿಲ್ಲ. ಸರಿಯಿದೆ ಎಂದು ಸಹಿ ಹಾಕಿ ಇಳಿದಿದ್ದರು.

ತಪ್ಪು ಸಣ್ಣದು, ಅದರ ಸಂಸಾರ ದೊಡ್ಡದು. ಈ ಕೋಣೆಯಲ್ಲಿ ವಿಮೆಯ ಕಡತ ನೋಡುವ ಹದಿನಾಲ್ಕು ಜನ. ಪಕ್ಕದಲ್ಲಿ ಫೋನಿನಲ್ಲಿ ಗ್ರಾಹಕರಿಗೆ ಉತ್ತರಿಸುವ ಇಪ್ಪತ್ತೆರಡು ಜನ. ಫೋನಿನ ಕೋಣೆ ಬಿಸಿಯಾದಾಗಲೆಲ್ಲ ತಂಪು ಗಾಳಿ ಬಂದದ್ದು ಕಡತದ ಕೋಣೆಗೆ. ಕಡತದ ಕೋಣೆ ತಣ್ಣಗಾದಾಗಲೆಲ್ಲ ಗಾಳಿ ನಿಂತದ್ದು ಫೋನಿನ ಕೋಣೆಗೆ. ಇಲ್ಲಿಯವರು ಸ್ವೆಟರ್ ತಂದರು, ಗಾಳಿಕಿಂಡಿಗೆ ರಟ್ಟು ಅಂಟಿಸಿದರು. ಅಲ್ಲಿಯವರು ಮೇಜಿಗೊಂದು ಫ್ಯಾನ್ ತಂದರು. ರಿಪೇರಿಯವರು ಬಂದಾಗಲೆಲ್ಲ ಅಂಕಿಯನ್ನು ಒಂದಿಷ್ಟು ಏರಿಸಿ, ಒಂದಿಷ್ಟು ಇಳಿಸಿ ಹೋದರು. ಎರಡು ಕೋಣೆಯವರ ನಡುವೆ ಬೆಳಗಿನ ನಮಸ್ಕಾರವೂ ಇಲ್ಲ.

"ಇದ್ದದ್ದು ಇದ್ದ ಹಾಗೇ ಹೊಸದಕ್ಕೆ ಹಾಕಿಬಿಡಮ್ಮ" ಎನ್ನುತ್ತಾರೆ ಅಣ್ಣ. "ನಮಗೆ ಹೇಳಿರೋದೇ ಅಷ್ಟು. ಹನ್ನೊಂದು ವರ್ಷ ನಡೆದಿದೆ, ಇನ್ನೂ ನಡೆಯುತ್ತೆ. ಪುಸ್ತಕದಲ್ಲಿ ಒಂಬತ್ತಾಗಿದೆ, ನೆನಪಿದೆಯಾ?"

"ನಡೆದಿಲ್ಲ ಅಣ್ಣ. ಸ್ವೆಟರ್ ಹಾಕ್ಕೊಂಡು ಕೂತಿದಾರೆ ಅಷ್ಟೇ."

ತಂತಿ ಬದಲಿಸಲು ಎರಡು ನಿಮಿಷ ಸಾಕು. ಆದರೆ ಸುಮ್ಮನೆ ಬದಲಿಸುವ ಹಾಗಿಲ್ಲ. ಕಿಂಡಿಗಳಿಗೆ ರಟ್ಟು ಅಂಟಿಕೊಂಡಿದೆ. ತಂತಿ ಸರಿಹೋದರೆ ಬೇಕಾದಷ್ಟೇ ಗಾಳಿ ಬರುತ್ತದೆ, ಅದನ್ನೂ ರಟ್ಟು ತಡೆಯುತ್ತದೆ, ಒಂದು ಗಂಟೆಯಲ್ಲಿ ಈ ಕೋಣೆ ಬೇಯುತ್ತದೆ. ರಟ್ಟು ಕೀಳಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಹತ್ತನೇ ದೂರು ಬರಬಹುದು.

ಈ ಭಾಗ ಬರೆಯಲೋ ಬೇಡವೋ ಎಂದು ಈ ಲೇಖನಕ್ಕಾಗಿ ಜೊತೆಗಿದ್ದ ನಾವು ಕೇಳಿದಾಗ ಏಣಿ ಅಕ್ಕ ತಡಮಾಡಲಿಲ್ಲ. "ಬರೀರಿ. ಒಳ್ಳೇದಷ್ಟೇ ಬರೆದ್ರೆ ಯಾರು ನಂಬ್ತಾರೆ?"

ಒಂಬತ್ತಕ್ಕೆ ಕಡತದ ಕೋಣೆ ತುಂಬುತ್ತದೆ. ಎಲ್ಲರಿಗೂ ಹಿರಿಯರಾದ ಮೇಡಂ ಉಣ್ಣೆಯ ಟೋಪಿ ಸರಿಪಡಿಸಿಕೊಂಡು ಕುರ್ಚಿ ಎಳೆದುಕೊಳ್ಳುವಾಗ, ಏಣಿ ಅಕ್ಕ ಅವರೆದುರು ನೆಲದ ಮೇಲೆ ನಿಲ್ಲುತ್ತಾರೆ. ನೆಲದ ಮೇಲೆ ಅವರು ಇನ್ನಷ್ಟು ಗಿಡ್ಡ ಕಾಣುತ್ತಾರೆ.

"ಮೇಡಂ, ನಿಮಗಿಲ್ಲಿ ಚಳಿಯಾಗ್ತಿದ್ದಿದ್ದು ನನ್ನಿಂದ. ಕಟ್ಟಡ ಕಟ್ಟಿದಾಗ ತಂತಿ ತಪ್ಪು ಜೋಡಿಸಿದ್ದೆ. ಆ ಕಡೆಯವರದು ಏನೂ ತಪ್ಪಿಲ್ಲ."

ಮೇಡಂ ಟೋಪಿ ತೆಗೆದು ಮೇಜಿನ ಮೇಲಿಡುತ್ತಾರೆ.

"ಅಂದ್ರೆ ಅವರು ನಮ್ಮ ಮೇಲೆ ಹಟಕ್ಕೆ ತಂಪು ಜಾಸ್ತಿ ಮಾಡ್ತಿರಲಿಲ್ವಾ?"

"ಇಲ್ಲ ಮೇಡಂ. ಅವರು ಅಲ್ಲಿ ಬೆವರ್ತಾ ಇದ್ರು."

"ಅಯ್ಯೋ ನಿನ್ನ! ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಅವರಿಗೆ ಶಾಪ ಹಾಕಿದೀನಲ್ಲೇ ನಾನು! ಅಷ್ಟನ್ನೂ ಈಗ ಎಲ್ಲಿಗೆ ಹಾಕ್ಲಿ?"

"ನನಗೇ ಹಾಕಿಬಿಡಿ ಮೇಡಂ" ಎನ್ನುತ್ತಾರೆ ಏಣಿ ಅಕ್ಕ. ಹಿಂದಿನ ಸಾಲಿನಿಂದ ಯಾರೋ, "ಕಂತಿನಲ್ಲಿ ಹಾಕಿ ಮೇಡಂ, ಸಣಕಲು ಜೀವ" ಎನ್ನುತ್ತಾರೆ. ಮೊದಲ ನಗು ಅಲ್ಲಿ ಬರುತ್ತದೆ. ಎಲ್ಲರೂ ನಗುವುದಿಲ್ಲ. ಕಿಟಕಿಯ ಬಳಿಯ ಒಬ್ಬರು ತಮ್ಮ ಮಂಡಿ ನೋವಿಗೆ ಯಾರು ಹೊಣೆ ಎಂದು ಗೊಣಗುತ್ತಾರೆ. ಏಣಿ ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡು, ರಟ್ಟು ಕಿತ್ತು ತಂತಿ ಬದಲಿಸಲು ಏಣಿ ಹತ್ತುತ್ತಾರೆ.

ಪಕ್ಕದ ಕೋಣೆಯವರಿಗೂ ಅದೇ ಮಾತು ಹೇಳಿ ಬಂದ ಮೇಲೆ ಅವರು ಹೋಗುವುದು ನೆಲಮಹಡಿಗೆ. ದೂರಿನ ಪುಸ್ತಕ ತೆರೆದು, ಹತ್ತನೇ ಸಾಲಿನಲ್ಲಿ ತಾವೇ ಬರೆಯುತ್ತಾರೆ: ಏಳನೇ ಮಹಡಿ, ಎರಡು ತಂತಿ ಅದಲು ಬದಲು, ಮಾಡಿದವಳು ನಾನು.

ಮೇಲ್ವಿಚಾರಕರು ಕಡಕ್ ಮನುಷ್ಯ. ಕನ್ನಡಕವನ್ನು ಹಣೆಗೇರಿಸಿ ಎರಡು ಸಲ ಓದುತ್ತಾರೆ.

"ಈ ಪುಸ್ತಕ ಇಲ್ಲಿ ಕೂತು ಕೆಲಸ ಮಾಡೋರದು. ನಿಮಗಿಲ್ಲಿ ಕುರ್ಚಿ ಇದೆಯಾ?"

"ಏಣಿ ಇದೆ ಸಾರ್."

"ಏಣಿ ಕುರ್ಚಿ ಅಲ್ಲ." ಆ ಸಾಲಿನ ಮೇಲೆ ಅಡ್ಡಗೆರೆ ಎಳೆಯುತ್ತಾರೆ. "ಆದ್ರೆ ಸಂಜೆ ಐದರೊಳಗೆ ಆ ಎರಡು ಕೋಣೆಯಿಂದ ಯಾರಾದ್ರೂ ಬಂದು ಬರೆದ್ರೆ ನಾನು ಅಳಿಸಲ್ಲ. ಈಗಲೇ ಹೇಳಿದೀನಿ."

ಆ ದಿನ ಏಣಿ ಅಕ್ಕ ಊಟದ ಡಬ್ಬಿ ತೆರೆಯುವುದಿಲ್ಲ. ಗಂಟೆಗೊಮ್ಮೆ ವಾಕಿಟಾಕಿಯಲ್ಲಿ ಎರಡೂ ಕೋಣೆಯ ಅಂಕಿ ಕೇಳುತ್ತಾರೆ. ಇಪ್ಪತ್ತಾರು, ಇಪ್ಪತ್ತೊಂದು. ಇಪ್ಪತ್ತೈದು, ಇಪ್ಪತ್ತೆರಡೂವರೆ. ಮೂರಕ್ಕೆ ಎರಡೂ ಇಪ್ಪತ್ನಾಲ್ಕರ ಆಸುಪಾಸಿಗೆ ಬಂದು ನಿಲ್ಲುತ್ತವೆ. "ಆಯ್ತಲ್ಲ, ಇನ್ನಾದ್ರೂ ಒಂದು ತುತ್ತು ತಿನ್ನಮ್ಮ" ಎಂದು ಅಣ್ಣ ಗದರುತ್ತಾರೆ.

ಐದಕ್ಕೆ ಹತ್ತು ನಿಮಿಷವಿರುವಾಗ ಲಿಫ್ಟಿನ ಬಾಗಿಲು ತೆರೆಯುತ್ತದೆ. ಮೇಡಂ ಬರುತ್ತಾರೆ, ಕೈಯಲ್ಲಿ ಪೆನ್ನು. ಏಣಿ ಅಕ್ಕ ಗೋಡೆಗೆ ಒರಗಿ ನಿಲ್ಲುತ್ತಾರೆ. ಮೇಡಂ ಮೇಜಿನ ಮೇಲಿನ ಪುಸ್ತಕ ಮುಟ್ಟುವುದಿಲ್ಲ. ಹಳೆಯ ವರ್ಷಗಳ ಪುಸ್ತಕ ಬೇಕು ಎನ್ನುತ್ತಾರೆ. ಮೇಲ್ವಿಚಾರಕರು ಬೀರು ತೆಗೆದು ಒಂದು ಕಟ್ಟು ಇಳಿಸುತ್ತಾರೆ. ಪಕ್ಕದ ಕೋಣೆಯ ಮೇಲೆ ಮೇಡಂ ಕೈಯಾರೆ ಬರೆದ ದೂರುಗಳು ನಲವತ್ತೊಂದು. ಒಂದೊಂದನ್ನೂ ಓದಿ, ಒಂದೊಂದರ ಪಕ್ಕದಲ್ಲೂ 'ವಾಪಸ್ ಪಡೆದಿದ್ದೇನೆ' ಎಂದು ಬರೆದು ಸಹಿ ಹಾಕುತ್ತಾರೆ. ಕೆಲವಕ್ಕೆ ತಾವೇ ನಗುತ್ತಾರೆ. ಇಪ್ಪತ್ತನೆಯದರ ಹೊತ್ತಿಗೆ ಐದು ಹೊಡೆಯುತ್ತದೆ.

ಮೇಲ್ವಿಚಾರಕರು ಈ ವರ್ಷದ ಪುಸ್ತಕ ಮುಚ್ಚಿ, ಎಂಟನೇ ಮಹಡಿಯ ಹಗಲಿನ ಪರವಾನಗಿಗೆ ಸಹಿ ಹಾಕುತ್ತಾರೆ. ಏಣಿ ಅಕ್ಕ ಹೊರಗೆ ಬಂದು ಮನೆಗೆ ಫೋನ್ ಮಾಡುತ್ತಾರೆ. "ಅತ್ತೆ, ರಾತ್ರಿ ಮನೇಲೇ ಇರ್ತೀನಿ." ಆ ಕಡೆಯಿಂದ ಅತ್ತೆಯ ದನಿ ನಮಗೂ ಕೇಳುವಷ್ಟು ಜೋರಾಗಿ ಬರುತ್ತದೆ: "ದಿನಾ ಇರೋಳು ಇವತ್ತು ಯಾಕೆ ಹೇಳ್ತಿದೀಯ? ಏನು ಮಾಡ್ಕೊಂಡೆ?"

"ಬಂದು ಹೇಳ್ತೀನಿ" ಎಂದು ಫೋನ್ ಇಡುತ್ತಾರೆ.

ಇನ್ನು ಉಳಿದಿರುವುದು ಎರಡು ಮಹಡಿ, ನೂರ ಇಪ್ಪತ್ನಾಲ್ಕು ಜಾಗ. ಎಲ್ಲ ಮುಗಿದ ಮೇಲೆ ಏನು ಮಾಡುವ ಆಸೆ ಎಂದು ಕೇಳುತ್ತೇವೆ. ಹುಬ್ಬಿನ ಬಿಳಿ ಪುಡಿಯನ್ನು ಈಗ ಒರೆಸಿಕೊಳ್ಳುತ್ತಾರೆ.

"ಒಂದು ದಿನ ಕೆಲಸ ಇಲ್ಲದಾಗ ಏಳನೇ ಮಹಡಿಗೆ ಬರ್ಬೇಕು. ಮೇಡಂ ಒಪ್ಪಿದ್ರೆ ಅಲ್ಲೇ ಒಂದು ಕಡೆ ಒಂದು ಗಂಟೆ ಕೂರ್ಬೇಕು. ನಾನು ಮಾಡಿದ ಚಳೀಲಿ ಅವರು ಹನ್ನೊಂದು ವರ್ಷ ಕೂತಿದ್ರು. ನಾನು ಮಾಡಿದ ಹದದಲ್ಲಿ ನಾನೂ ಒಂದು ಗಂಟೆ ಕೂತು ನೋಡ್ತೀನಿ."